ಗಂಗೋತ್ರಿಯ ಕೈಗುಣ

ಈರಕ್ಕನ ಮುಖ ತುಂಬಿಕೊಂಡಿದ್ದನ್ನು ಓಣಿಗೆ ಓಣಿಯೇ ಕೊಂಡಾಡುತ್ತಿತ್ತು. ಆಂಧ್ರದ ಗಡಿಯ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಹೆಂಗಸರು ವರ್ಷ ಕಳೆದಂತೆ ಬತ್ತುತ್ತಾರೆಯೇ ಹೊರತು ಹೀಗೆ ತುಂಬಿಕೊಳ್ಳುವುದಿಲ್ಲ. ಕಡ್ಡಿಯಂತಿದ್ದ ಈರಕ್ಕನ ಕೆನ್ನೆಗಳು ಈಗ ಹದವಾಗಿ ತಿರುವಿದ ರಾಗಿ ಮುದ್ದೆಯ ಹಾಗೆ ದುಂಡಗೆ, ನುಣ್ಣಗೆ ಮಿಂಚುತ್ತಿದ್ದವು. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಸುಂಕಮ್ಮನಿಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ.

“ಏನ್ ತಿಂತೀಯೇ ಈರಕ್ಕ? ನಮಗೂ ಒಂದೀಟು ಹೇಳು. ನೀನೊಬ್ಬಾಕಿನ ದುಂಡಗಾದ್ರ ಹೆಂಗ?”

“ನೀ ತಿನ್ನೋ ರೊಟ್ಟಿನ ನಾನೂ ತಿಂತೀನವ್ವ. ಇದೆಲ್ಲಾ ನಮ್ಮ ಗಂಗೋತ್ರಿ ಕೈಗುಣ,” ಎಂದಳು ಈರಕ್ಕ, ಹಿಂದೆ ನಿಂತಿದ್ದ ಗಂಗೋತ್ರಿಯ ಭುಜ ತಟ್ಟಿ.

ಗಂಗೋತ್ರಿ ನಗಲು ನೋಡಿದಳು, ನಗು ಬರಲಿಲ್ಲ. ಬಿಂದಿಗೆ ಅರ್ಧ ತುಂಬುವಷ್ಟರಲ್ಲೇ ಎತ್ತಿಕೊಂಡು ಹೊರಟುಬಿಟ್ಟಳು. ಅದು ಮೈ ಬಂದದ್ದಲ್ಲ, ಬಾವು ಎಂಬುದು ಆ ಸಾಲಿನಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಆ ಬಾವು ಬರಿಸಿದವಳೂ ಅವಳೇ.

ಗಂಗೋತ್ರಿಯದು ಮಡಕಶಿರದ ಆಚೆ, ಹೇಮಾವತಿಗೆ ಹತ್ತಿರದ ಊರು. ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಲೇ ಓದಿ ಫಾರ್ಮಸಿ ಡಿಪ್ಲೊಮಾ ಮುಗಿಸಿದ ಹುಡುಗಿ. ಗಂಡ ಜಗದೀಶ್ ಜೀನ್ಸ್ ಘಟಕವೊಂದರಲ್ಲಿ ಕಟಿಂಗ್ ಮಾಸ್ಟರ್ ಆದ ಮೇಲೆ ಅವಳೂ ರಾಯದುರ್ಗಕ್ಕೆ ಬಂದು ಸಣ್ಣಬಸಪ್ಪನವರ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕೆ ನಿಂತಳು. ಅಂಗಡಿ ಸಣ್ಣಬಸಪ್ಪನವರದು, ಗೋಡೆಯ ಮೇಲೆ ಗಾಜಿನೊಳಗೆ ಕೂತ ಸರ್ಟಿಫಿಕೇಟು ಮಾತ್ರ ಗಂಗೋತ್ರಿಯದು. ಗಂಡ ಹೆಂಡತಿ ಬಾಡಿಗೆಗೆ ಇದ್ದದ್ದು ಈರಕ್ಕನ ಮನೆಯ ಹಿಂದಿನ ಕೋಣೆಯಲ್ಲಿ. ಈರಕ್ಕ ಗಂಡನನ್ನು ಕಳೆದುಕೊಂಡು ಹೊಲಿಗೆ ಮಿಷನ್ನನ್ನೇ ನಂಬಿದ್ದ ಒಂಟಿ ಹೆಂಗಸು. ಬಂದ ಹೊಸದರಲ್ಲಿ ಗಂಗೋತ್ರಿ ಕಾಮಾಲೆಯಾಗಿ ಮಲಗಿದಾಗ ಗಂಜಿ ಕಾಸಿ ಕುಡಿಸಿದವಳು, ಜಡೆ ಬಿಡಿಸಿ ತಲೆ ಬಾಚಿದವಳು ಅವಳೇ.

ಆ ಊರಿನ ಹೊಲಿಗೆಯವರಿಗೆ ಬೆಳಗಿನ ಚಹಾ ಎಷ್ಟು ಮುಖ್ಯವೋ ಸೆಟ್ಟೂ ಅಷ್ಟೇ ಮುಖ್ಯ. ಸೆಟ್ ಎಂದರೆ ಬಿಡಿ ಮಾತ್ರೆಗಳ ಒಂದು ಪೊಟ್ಟಣ: ನೋವಿಗೊಂದು, ಗ್ಯಾಸಿಗೊಂದು, ಜೊತೆಗೆ ಚಿಟಿಕೆಯಷ್ಟು ಸಣ್ಣದೊಂದು. ಚೀಟಿ ಇಲ್ಲ, ಡಾಕ್ಟರಿಲ್ಲ, ಹೆಸರಿಲ್ಲ. ಘಟಕದ ಬಾಗಿಲು ತೆರೆಯುವ ಮೊದಲೇ ಹೆಂಗಸರು ಅಂಗಡಿಯ ಮುಂದೆ ನಿಂತು, “ಬೆನ್ನಿನ ಸೆಟ್ ಕೊಡವ್ವ,” “ಕುತ್ತಿಗಿ ಸೆಟ್ಟು,” ಎಂದು ಕೈ ಚಾಚುತ್ತಿದ್ದರು. ಬೆನ್ನಾಗಲಿ ಕುತ್ತಿಗೆಯಾಗಲಿ, ಪೊಟ್ಟಣದಲ್ಲಿ ಇರುತ್ತಿದ್ದದ್ದು ಅವೇ ಮೂರು. ಆ ಸಣ್ಣ ಮಾತ್ರೆಗೆ ಸಣ್ಣಬಸಪ್ಪ ಶಕ್ತಿ ಮಾತ್ರೆ ಎಂದು ಹೆಸರಿಟ್ಟಿದ್ದರು. ಅದು ಸ್ಟೀರಾಯ್ಡ್. ಗಂಗೋತ್ರಿ ಮೊದಲ ವಾರವೇ ಕೇಳಿದ್ದಳು.

“ಸರ್, ಇದನ್ನ ದಿನಾ ಕೊಡಬಾರದಲ್ಲ?”

“ದಿನಾ ಯಾರು ತಗೊಳ್ರಿ ಅಂತಾರವ್ವ? ಅವರ ಬಂದು ಕೇಳ್ತಾರ. ನಾವು ಕೊಡಲಿಲ್ಲಂದ್ರ ಎದುರು ಅಂಗಡ್ಯಾಗ ತಗೊಂತಾರ,” ಎಂದಿದ್ದರು ಅವರು, ಕೆಟ್ಟ ಮನುಷ್ಯನೇನಲ್ಲದ ದನಿಯಲ್ಲಿ. ಗಂಗೋತ್ರಿ ಮತ್ತೆ ಪೊಟ್ಟಣ ಕಟ್ಟತೊಡಗಿದಳು. ಕೇಳುವುದನ್ನು ಕೇಳಿಯಾಯಿತು, ಇನ್ನು ತನ್ನ ತಪ್ಪಿಲ್ಲ ಎಂದು ಕೈ ತೊಳೆದುಕೊಳ್ಳುವುದು ಎಷ್ಟು ಸುಲಭ!

ಆದರೆ ಈರಕ್ಕ ಬಂದು ಕೇಳಿದವಳಲ್ಲ. ಅದೇ ಗಂಗೋತ್ರಿಯನ್ನು ಕೊರೆಯುತ್ತಿದ್ದದ್ದು. ಈರಕ್ಕನಿಗೆ ಮಾತ್ರೆಯೆಂದರೆ ಆಗುತ್ತಿರಲಿಲ್ಲ. ದಪ್ಪ ಜೀನ್ಸಿನ ಸೊಂಟಪಟ್ಟಿ ಹೊಲಿದೂ ಹೊಲಿದೂ ಬೆನ್ನು ಹಿಡಿದು, ಒಂದು ದಿನ ಹಾಸಿಗೆಯಿಂದ ಏಳಲಾರದೆ ನರಳುತ್ತಿದ್ದಾಗ, ಗಂಜಿಯ ಋಣ ನೆನೆದು ಗಂಗೋತ್ರಿ ತಾನಾಗಿಯೇ ಸೆಟ್ ತಂದು, ನೀರಿನ ಲೋಟ ಹಿಡಿದು ನುಂಗಿಸಿದಳು. ಮರುದಿನ ಈರಕ್ಕ ಎದ್ದು ಅಂಗಳ ಗುಡಿಸಿ, ರೊಟ್ಟಿ ಬಡಿದು, ಹಾಡು ಗುನುಗುತ್ತ ಕೆಲಸಕ್ಕೆ ಹೋದಳು. ಸಂಜೆ ಬರುವಷ್ಟರಲ್ಲಿ ಘಟಕದಲ್ಲೆಲ್ಲ ಸುದ್ದಿ ಹಬ್ಬಿತ್ತು. ಮಡಕಶಿರದ ಹುಡುಗಿಯ ಕೈಗುಣ ಚಲೋ ಐತಂತ.

ಅಂದಿನಿಂದ ಹೆಂಗಸರು ಸಣ್ಣಬಸಪ್ಪ ಖಾಲಿ ಕೂತಿದ್ದರೂ ಅವರ ಕೈಯಿಂದ ಸೆಟ್ ತೆಗೆದುಕೊಳ್ಳುತ್ತಿರಲಿಲ್ಲ. “ಗಂಗೋತ್ರಿ ಕೊಡಲಿ ತಡೀರಿ,” ಎಂದು ಕಾಯುತ್ತಿದ್ದರು. ಸುಳ್ಳು ಯಾಕೆ ಹೇಳಬೇಕು, ಅವಳಿಗೂ ಅದು ಹಿತವಾಗಿತ್ತು. ಹುಟ್ಟಿದೂರಿನಲ್ಲಿ ಯಾರೂ ಎರಡನೆಯ ಸಲ ತಿರುಗಿ ನೋಡದಿದ್ದ ಹುಡುಗಿಗೆ ಪರವೂರಿನಲ್ಲಿ ಇಷ್ಟು ಜನ ಕೈಚಾಚಿ ನಿಂತರೆ ಹಿತವಾಗದೆ ಇದ್ದೀತೆ?

ಈರಕ್ಕ ಒಂದು ದಿನವೂ ಸೆಟ್ ಬಿಡದೆ ವರ್ಷ ದಾಟಿತು. ಕೆನ್ನೆ ತುಂಬಿತು, ಕುತ್ತಿಗೆಯ ಹಿಂದೆ ಮಾಂಸದ ದಿಂಬು ಎದ್ದಿತು, ಕೈಕಾಲು ಮಾತ್ರ ಕಡ್ಡಿಯಾಗಿಯೇ ಉಳಿದವು. ಚರ್ಮ ಎಲ್ಲಿ ತಾಗಿದರೂ ಕಪ್ಪಿಡುತ್ತಿತ್ತು. ನಲ್ಲಿಯ ಹತ್ತಿರ ಸುಂಕಮ್ಮ ಆ ಮಾತು ಆಡಿದ ದಿನ ಗಂಗೋತ್ರಿಗೆ ಅನ್ನ ಇಳಿಯಲಿಲ್ಲ.

ಈರಕ್ಕನ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬಹುದಿತ್ತು. ಅವಳು ಹೇಳಲಿಲ್ಲ. ಅದರ ಬದಲು, ಯಾರಿಗೂ ತಿಳಿಯದಂತೆ ತಪ್ಪು ತಿದ್ದುವ ಜಾಣತನಕ್ಕೆ ಇಳಿದಳು. ಈರಕ್ಕನ ಪೊಟ್ಟಣದಲ್ಲಿ ಮಾತ್ರ ಆ ಸಣ್ಣ ಮಾತ್ರೆ ತೆಗೆದು, ಅದೇ ಗಾತ್ರದ, ಅದೇ ಬಣ್ಣದ ವಿಟಮಿನ್ ಮಾತ್ರೆ ಇಟ್ಟಳು. ಇಂಥ ಔಷಧವನ್ನು ಬಹಳ ದಿನ ತೆಗೆದುಕೊಂಡರೆ ಮೈ ತಾನಾಗಿ ಅದನ್ನು ತಯಾರಿಸುವುದನ್ನು ಮರೆಯುತ್ತದೆ, ಏಕಾಏಕಿ ನಿಲ್ಲಿಸಬಾರದು, ಮೆಲ್ಲಗೆ ಇಳಿಸುತ್ತ ಬರಬೇಕು ಎಂದು ಪರೀಕ್ಷೆಗೆ ಓದಿದ್ದು ಅವಳಿಗೆ ಮರೆತಿರಲಿಲ್ಲ. ಆದರೆ ಮೆಲ್ಲಗೆ ಇಳಿಸಬೇಕೆಂದರೆ ಡಾಕ್ಟರ ಹತ್ತಿರ ಹೋಗಬೇಕು, ಡಾಕ್ಟರ ಹತ್ತಿರ ಹೋಗಬೇಕೆಂದರೆ ಈರಕ್ಕನಿಗೆ ಹೇಳಬೇಕು. ಅದೆಲ್ಲ ಆಸ್ಪತ್ರೆಯಲ್ಲಿ ದೊಡ್ಡ ಡೋಸು ಕೊಡುವವರ ಮಾತು, ಇಷ್ಟು ಸಣ್ಣ ಮಾತ್ರೆಗೆ ಏನಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬಹಳ ದಿನಗಳ ಮೇಲೆ ಅಂದು ಹೊಟ್ಟೆ ತುಂಬ ಉಂಡಳು.

ನಾಲ್ಕಾರು ದಿನಕ್ಕೇ ಈರಕ್ಕ ಬಾಡತೊಡಗಿದಳು. ಬಾಯಿಗೆ ರುಚಿಯಿಲ್ಲ, ತಿಂದದ್ದು ನಿಲ್ಲುವುದಿಲ್ಲ, ಎದ್ದು ನಿಂತರೆ ಕಣ್ಣು ಕತ್ತಲೆ. ಗೋಡೆ ಹಿಡಿದುಕೊಂಡು ಗಂಗೋತ್ರಿಯ ಬಾಗಿಲಿಗೆ ಬಂದಳು.

“ಯಾಕೋ ಸೆಟ್ ಹತ್ತವಲ್ದವ್ವ. ಎರಡು ಕೊಟ್ಟು ನೋಡು.”

“ಒಂದೆರಡು ದಿನ ರಜಾ ಹಾಕಕ್ಕ. ಮಲಗಿದ್ರೆ ಸರಿಹೋಗ್ತೈತೆ.”

“ಮಾಲು ಕಳಿಸೋದೈತಿ, ರಜಾ ಯಾರು ಕೊಡ್ತಾರ? ನಿನ್ನ ಕೈಲೆ ಕೊಡು ಸಾಕು, ನಾ ಹೋಗ್ತೀನಿ.”

ಆಗಲಾದರೂ ಹೇಳಬಹುದಿತ್ತು. ಆದರೆ ಗಂಗೋತ್ರಿ ಎರಡು ಪೊಟ್ಟಣ ಕಟ್ಟಿಕೊಟ್ಟಳು. ಎರಡರಲ್ಲೂ ವಿಟಮಿನ್ ಮಾತ್ರೆಯೇ.

ಮರುದಿನ ಊಟದ ಹೊತ್ತಿಗೆ ಅಂಗಡಿಯ ಮುಂದೆ ಆಟೋ ಒಂದು ಗಕ್ಕನೆ ನಿಂತಿತು. ಈರಕ್ಕ ಮಿಷನ್ನಿನ ಮೇಲೆಯೇ ಕುಸಿದುಬಿದ್ದಿದ್ದಳು. ಹೊತ್ತು ತಂದ ಹೆಂಗಸರು ದವಾಖಾನೆ ದಾಟಿಕೊಂಡೇ ಬಂದಿದ್ದರು. ದವಾಖಾನೆಗೆ ಹೋಗದೆ ಇಲ್ಲಿಗೆ ಯಾಕೆ ತಂದಿರಿ ಎಂದು ಗಂಗೋತ್ರಿ ಚೀರಿದರೆ, ಸುಂಕಮ್ಮ ಅಷ್ಟೇ ಸಹಜವಾಗಿ ಹೇಳಿದಳು:

“ಮೊದಲು ನಿನ್ನ ಕೈಲೆ ಒಂದು ಮಾತ್ರಿ ಬೀಳಲಿ ಅಂತವ್ವ.”

ಗಂಗೋತ್ರಿ ಆಟೋ ಹತ್ತಿ ಈರಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹಣೆ ತಣ್ಣಗೆ ಬೆವರಿತ್ತು, ನಾಡಿ ಕೈಗೆ ಸಿಗುತ್ತಿರಲಿಲ್ಲ. ಸಣ್ಣಬಸಪ್ಪ ಕೌಂಟರಿನಿಂದ ಇಳಿದು ಬಂದು ಅವಳ ಕಿವಿಯ ಹತ್ತಿರ ಬಾಗಿದರು.

“ಕೇಳಿದ್ರ ಬರೇ ನೋವಿನ ಮಾತ್ರಿ ಅಂತ ಹೇಳು. ಗ್ವಾಡಿ ಮ್ಯಾಲಿರೋದು ನಿನ್ನ ಹೆಸರು, ನಂದಲ್ಲ.”

ದವಾಖಾನೆಯಲ್ಲಿ ಡಾಕ್ಟರಮ್ಮ ಬಿ.ಪಿ. ನೋಡಿ ಹುಬ್ಬು ಗಂಟಿಕ್ಕಿದರು. ಏನೇನು ಔಷಧ ತೆಗೆದುಕೊಳ್ಳುತ್ತಿದ್ದಳು ಎಂದು ತೆಲುಗಿನಲ್ಲಿ ಕೇಳಿದರು. ಹೆಂಗಸರೆಲ್ಲ ಗಂಗೋತ್ರಿಯನ್ನು ನೋಡಿದರು. ಓದಿದವಳು, ಅವಳೇ ಹೇಳಲಿ ಎಂಬ ಹೆಮ್ಮೆ ಅವರ ಕಣ್ಣಲ್ಲಿತ್ತು.

“ನೋವಿನ ಮಾತ್ರೆ, ಗ್ಯಾಸಿನ ಮಾತ್ರೆ,” ಎಂದಳು ಗಂಗೋತ್ರಿ.

“ಅಷ್ಟೇನಾ?”

“ಅಷ್ಟೇ.”

ಸಲೈನ್ ಏರಿಸಿದರು. ಹನಿಗಳು ಇಳಿಯುತ್ತಲೇ ಇದ್ದವು, ಬಿ.ಪಿ. ಮಾತ್ರ ಏರಲಿಲ್ಲ. ಡಾಕ್ಟರಮ್ಮ ನರ್ಸಿಗೆ ಅನಂತಪುರದ ದೊಡ್ಡಾಸ್ಪತ್ರೆಗೆ ಕಳಿಸುವ ಮಾತು ಆಡುತ್ತಿದ್ದರು. ಅಲ್ಲಿಯವರೆಗೆ ಈ ಜೀವ ತಡೆಯುವುದಿಲ್ಲ ಎಂಬುದು ಗಂಗೋತ್ರಿಗೆ ಗೊತ್ತಾಗಿಹೋಯಿತು. ಯಾವ ಇಂಜೆಕ್ಷನ್ ಬೇಕು ಎಂಬುದೂ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನಿಂತ ತನ್ನ ಮೇಲೆ ಅವಳಿಗೆ ಹೇಸಿಗೆ ಹುಟ್ಟಿತು. ಈರಕ್ಕ ಅರೆಗಣ್ಣು ತೆರೆದು, ಗುರುತು ಹಿಡಿದು, ಅವಳ ಕೈಗಾಗಿ ತಡಕಾಡಿದಳು. ಗಂಗೋತ್ರಿ ಡಾಕ್ಟರಮ್ಮನ ಹಿಂದೆ ಓಡಿದಳು.

“ಮೇಡಂ, ನಾನು ಸುಳ್ಳು ಹೇಳ್ದೆ. ವರ್ಷದ ಮೇಲಾತು, ದಿನಾ ಸ್ಟೀರಾಯ್ಡ್ ತಗಳ್ತಿದ್ರು. ನಾನೇ ಕೊಟ್ಟಿದ್ದು. ಈಗ ಹೇಳದಂಗೆ ಕೇಳದಂಗೆ ನಿಲ್ಲಿಸಿದ್ದೂ ನಾನೇ.”

ಡಾಕ್ಟರಮ್ಮ ಬಯ್ಯಲು ನಿಲ್ಲಲಿಲ್ಲ. ನರ್ಸನ್ನು ಕೂಗಿ ಅದೇ ಸ್ಟೀರಾಯ್ಡಿನ ಇಂಜೆಕ್ಷನ್ ತರಿಸಿ, ತಾವೇ ಏರಿಸಿದರು. ಆಮೇಲೆ ಒಂದೇ ಒಂದು ಮಾತು ಕೇಳಿದರು.

“ಬಂದ ತಕ್ಷಣ ಯಾಕಮ್ಮ ಹೇಳಲಿಲ್ಲ?”

ಗಂಗೋತ್ರಿ ಮಂಚದ ಹತ್ತಿರ ಹೋಗಿ ಈರಕ್ಕನ ಕೈ ಹಿಡಿದುಕೊಂಡಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಈರಕ್ಕ ದಿಂಬಿಗೆ ಒರಗಿ ಕೂತು ಗಂಜಿ ಕುಡಿಯುವಷ್ಟಾಗಿದ್ದಳು. ಗಂಜಿ ತಂದವಳು ಗಂಗೋತ್ರಿ. ಲೋಟ ಖಾಲಿಯಾಗುವವರೆಗೆ ಕಾದು, ಮಂಚದ ಪಕ್ಕ ನೆಲದ ಮೇಲೆ ಕೂತು, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದಳು. ಈರಕ್ಕ ಕೆನ್ನೆ ಮುಟ್ಟಿಕೊಂಡು ಕೇಳಿದಳು.

“ಹಂಗಾರ ನನ್ನ ಬೆನ್ನು ಆರಾಮಾಗಿರಲೇ ಇಲ್ಲ?”

“ಇಲ್ಲ ಕಣಕ್ಕ. ನೋವು ಗೊತ್ತಾಗ್ತಿರಲಿಲ್ಲ, ಅಷ್ಟೇ.”

“ಬದಲಿ ಮಾತ್ರಿ ಇಟ್ಟೆಲ್ಲ, ಆವತ್ತು ಹೇಳಿದ್ರ ನಾನೇನು ನಿನ್ನ ಹೊಡೀತಿದ್ನೇನು?”

“ಇಲ್ಲ.”

“ಮತ್ಯಾಕ ಹೇಳಲಿಲ್ಲ?”

ಕೆಲಸದ ಭಯ ಎನ್ನಬಹುದಿತ್ತು, ಸರ್ಟಿಫಿಕೇಟಿನ ಭಯ ಎನ್ನಬಹುದಿತ್ತು. ಎರಡೂ ಇದ್ದವು. ಆದರೆ ಇನ್ನೊಂದು ಸುಳ್ಳು ಹೇಳುವ ಧೈರ್ಯ ಅವಳಲ್ಲಿ ಉಳಿದಿರಲಿಲ್ಲ.

“ನೀನು ಎಲ್ಲಾರ ಮುಂದೆ ನನ್ನ ಕೈಗುಣ ಹೊಗಳ್ತಿದ್ದೆಲ್ಲಕ್ಕ, ಅದು ಹೋಗಿಬಿಡ್ತೈತೆ ಅಂತ.”

ಈರಕ್ಕ ಮುಖ ತಿರುಗಿಸಿದಳು. ಗಂಗೋತ್ರಿಗೆ ಅಳು ಉಕ್ಕಿ ಬಂತು.

“ನನ್ನ ಮುಂದ ಅಳಬ್ಯಾಡ,” ಎಂದಳು ಈರಕ್ಕ ಗೋಡೆಯ ಕಡೆ ನೋಡುತ್ತಲೇ. “ನನಗೊಬ್ಬಾಕಿಗೆ ಬದಲಿ ಇಟ್ಟಿ. ಹೊರಗ ಕುಂತಾರಲ್ಲ, ಅವರಿಗೆ ಏನಿಟ್ಟಿ? ಹೋಗು, ಅವರಿಗೂ ಹೇಳು.”

ಹೊರಗೆ ಘಟಕದ ಹೆಂಗಸರು ಊಟದ ಬಿಡುವಿನಲ್ಲಿ ಬಂದು ಜಗಲಿಯ ತುಂಬ ಕೂತಿದ್ದರು. ಗಂಗೋತ್ರಿಯನ್ನು ಕಂಡದ್ದೇ ಸುಂಕಮ್ಮ ಎದ್ದು, “ಬಂದ್ಲು ನೋಡ್ರಿ, ಈರಕ್ಕನ ಜೀವ ಉಳಿಸಿದಾಕಿ!” ಎಂದು ಅವಳ ಎರಡೂ ಕೈ ಹಿಡಿದುಕೊಂಡಳು. ಎಲ್ಲರೂ ನಕ್ಕರು. ಅಷ್ಟು ದಿನ ಕೌಂಟರಿನ ಆಚೆಯಿಂದ ಚಾಚಿದ ಕೈಗಳನ್ನಷ್ಟೇ ನೋಡುತ್ತಿದ್ದ ಗಂಗೋತ್ರಿ ಅಂದು ಮುಖಗಳನ್ನು ಒಂದೊಂದಾಗಿ ನೋಡಿದಳು. ಮೂಲೆಯಲ್ಲಿ ಕೂತಿದ್ದ ಚೌಡಕ್ಕನ ಕೆನ್ನೆ ಆಗಲೇ ದುಂಡಗಾಗಿತ್ತು. ಅವಳ ಪಕ್ಕದವಳದೂ. ಸುಂಕಮ್ಮನ ಮುಂಗೈ ಮೇಲೆ ಕಪ್ಪು ಕಲೆ ಎದ್ದಿತ್ತು.

ನಿಂತಲ್ಲೇ ನಿಂತು ಹೇಳಿದಳು. ಶಕ್ತಿ ಮಾತ್ರೆ ಎಂದರೆ ಏನು, ಅದು ಒಳಗೆ ಏನು ಮಾಡುತ್ತದೆ, ಈರಕ್ಕ ಯಾಕೆ ಬಿದ್ದಳು, ಯಾರಿಂದ ಬಿದ್ದಳು. ಹೇಳುವಷ್ಟರಲ್ಲಿ ನಗು ಒಬ್ಬೊಬ್ಬರ ಮುಖದಿಂದಲೂ ಇಳಿದುಹೋಯಿತು. ಚೌಡಕ್ಕ ಸೊಂಟದ ಚೀಲದಿಂದ ಆ ದಿನದ ಪೊಟ್ಟಣ ತೆಗೆದು ಅಂಗಳಕ್ಕೆ ಎಸೆದಳು.

“ಎಸೀಬೇಡಕ್ಕ!” ಗಂಗೋತ್ರಿ ಓಡಿಹೋಗಿ ಅದನ್ನು ಎತ್ತಿ, ಧೂಳು ಒರೆಸಿ ತಂದಳು. “ಒಂದೇ ಸಲಕ್ಕೆ ಬಿಟ್ರೆ ನೀವೂ ಈರಕ್ಕನಂಗೆ ಬೀಳ್ತೀರಿ. ಒಳಗೆ ಡಾಕ್ಟರಮ್ಮ ಅವ್ರೆ, ಒಬ್ಬೊಬ್ಬರಾಗಿ ತೋರಿಸ್ಕಳ್ರಿ. ಹೆಂಗೆ ಇಳಿಸ್ಬೇಕು ಅಂತ ಅವರು ಹೇಳೋವರೆಗೂ ಇದನ್ನ ತಗಳ್ಲೇಬೇಕು.”

ಸುಂಕಮ್ಮ ಕೇಳಿದಳು: “ತಿಂದ್ರೂ ಕೇಡು, ಬಿಟ್ರೂ ಸಾವು ಅಂತಿ. ಅದನ್ನೂ ನಿನ್ನ ಕೈಲೇ ತಗೋಬೇಕೇನು ನಾವು?”

ಗಂಗೋತ್ರಿ ಪೊಟ್ಟಣ ಹಿಡಿದ ಕೈ ಚಾಚಿಕೊಂಡೇ ನಿಂತಿದ್ದಳು. ಯಾರೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಚೌಡಕ್ಕ ಎದ್ದು ಬಂದಳು. ಗಂಗೋತ್ರಿಯ ಕೈ ತನಗೆ ತಾಗದಂತೆ, ಎರಡು ಬೆರಳಿನಲ್ಲಿ ಪೊಟ್ಟಣದ ಅಂಚು ಹಿಡಿದು ಎತ್ತಿಕೊಂಡು, ಡಾಕ್ಟರಮ್ಮನ ಬಾಗಿಲಿನ ಕಡೆಗೆ ನಡೆದಳು.