ಒಣದ್ರಾಕ್ಷಿ ಹಾಕದ ಕೇಕು

ಕೊನೆಯ ಫ್ಲಾಸ್ಕಿಗೆ ಅಸಿಟೋನ್ ಹಾಕಿ ಕುಲುಕಿ, ಅದನ್ನು ತ್ಯಾಜ್ಯದ ಕ್ಯಾನಿಗೆ ಸುರಿದು, ರಾದೆಕ್ ಫ್ಲಾಸ್ಕನ್ನು ಗೋಡೆಯ ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಿದ. ಇವತ್ತು ಕಿಂಗಾಳ ಹೆಸರಿನ ಹಬ್ಬ, ಅಂದರೆ ಅವಳ ಹೆಸರಿನ ಸಂತಳ ದಿನ; ಪೋಲೆಂಡಿನಲ್ಲಿ ಇದು ಹುಟ್ಟುಹಬ್ಬದ ಹಾಗೆ. ಹಬ್ಬದವರು ಕೇಕು ತರಬೇಕು, ಉಳಿದವರು ಅವರ ಗಾಜಿನ ಪಾತ್ರೆಗಳನ್ನೆಲ್ಲ ತೊಳೆದಿಡಬೇಕು. ಲುಬ್ಲಿನ್‌ನ ಆ ಪ್ರಯೋಗಾಲಯದಲ್ಲಿ ಈ ಪದ್ಧತಿ ಯಾರು ಶುರುಮಾಡಿದ್ದೋ, ಎಲ್ಲರೂ ಗೊಣಗಿಕೊಂಡೇ ಪಾಲಿಸುತ್ತಿದ್ದರು. ರಾದೆಕ್ ಮಾತ್ರ ಇವತ್ತು ಗೊಣಗಿರಲಿಲ್ಲ.

ಕಿಂಗಾಳ ಪಿಎಚ್‌ಡಿ ಮುಗಿದಿತ್ತು. ವರ್ಷಗಟ್ಟಲೆ ಕಟ್ಟುತ್ತ ಬಂದ ಅಣು ಕೊನೆಗೂ ಆಗಿದೆ ಅಂತ ಇವತ್ತು ಮಧ್ಯಾಹ್ನ ಸ್ಪೆಕ್ಟ್ರಮ್ ತೆಗೆದು ತೋರಿಸಿದರೆ, ಪ್ರೊಫೆಸರ್ ಜರೆಂಬಾ ಅವರ ಬಳಿಯಿದ್ದ ಒಂದೇ ಪೋಸ್ಟ್‌ಡಾಕ್ ಜಾಗ ಅವಳದ್ದು. ಇಲ್ಲದಿದ್ದರೆ ಊರಿಗೆ ಹೋಗಿ ಬಣ್ಣದ ಕಾರ್ಖಾನೆ ಸೇರುವುದೆಂದು ಅವಳೇ ಹೇಳಿದ್ದಳು. ಅವಳು ಇಲ್ಲೇ ಇರಲಿ ಎಂಬ ಆಸೆ ರಾದೆಕ್‌ಗಿತ್ತು. ಅದನ್ನವನು ಯಾರಿಗೂ ಹೇಳಿರಲಿಲ್ಲ, ಅವಳಿಗಂತೂ ಇಲ್ಲವೇ ಇಲ್ಲ.

ಕಿಂಗಾ ಕೇಕಿನ ಡಬ್ಬಿ ಹಿಡಿದು ಏದುಸಿರು ಬಿಡುತ್ತ ಬಂದಳು. ಬಂದವಳೇ ಫ್ಲಾಸ್ಕುಗಳನ್ನು ಒಣಗಿಸಲಿಡುವ ಪಂಪಿನ ಕಡೆ ನೋಡಿದಳು.

"ಲೋ, ಇಲ್ಲಿದ್ದ ಪುಟ್ಟ ಫ್ಲಾಸ್ಕ್ ಎಲ್ಲೋ?"

"ಖಾಲಿ ಇತ್ತಲ್ಲೇ. ತೊಳ್ದೆ."

ಅವಳು ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಅವಳ ಮುಖ ನೋಡಿದ ಮೇಲೆ ಅವನಿಗೆ ಅರ್ಥವಾಯಿತು. ಅದು ಖಾಲಿಯಿರಲಿಲ್ಲ. ಗಾಜಿನ ಒಳಮೈಗೆ ಪೊರೆಯಂತೆ ಅಂಟಿಕೊಂಡಿದ್ದದ್ದೇ ಅವಳ ಅಣು. ಬೆಳಕಿಗೆ ಹಿಡಿದರಷ್ಟೇ ಕಾಣುವಂಥದ್ದು. ಕೇಕಿಗೆಂದು ಗಡಿಬಿಡಿಯಲ್ಲಿ ಹೊರಟವಳು ಚೀಟಿ ಅಂಟಿಸಿರಲಿಲ್ಲ.

ರಾದೆಕ್ ಕ್ಯಾನಿನ ಮುಚ್ಚಳಕ್ಕೆ ಕೈ ಹಾಕಿದ.

"ಬಿಡು ಮಾರಾಯ," ಅಂದಳು ಕಿಂಗಾ. "ಅದರಲ್ಲಿ ಇಡೀ ಮಹಡಿಯ ಕೊಳೆ ಇದೆ. ಏನಂತ ಹುಡುಕ್ತೀಯ?"

ಮತ್ತೆ ಮೊದಲಿಂದ ಮಾಡಿ ಮುಗಿಸುವಷ್ಟರಲ್ಲಿ ಚಳಿಗಾಲ ಬಂದುಬಿಡುತ್ತಿತ್ತು. ಪ್ರೊಫೆಸರ್ ಅಷ್ಟು ಕಾಯುವವರಲ್ಲ. ಹೋದ ಜನವರಿಯಲ್ಲಿ ರಾದೆಕ್‌ನ ಮೇಜಿಗೆ ಬೆಂಕಿ ಹೊತ್ತಿದಾಗ, ಇನ್ನೊಂದು ಎಡವಟ್ಟಾದರೆ ಮನೆಗೆ ಹೋಗು ಅಂತ ಎಲ್ಲರೆದುರೇ ಹೇಳಿದ್ದರು.

ಅಷ್ಟರಲ್ಲಿ ಜರೆಂಬಾ ಅವರೇ ಕೈ ಉಜ್ಜಿಕೊಳ್ಳುತ್ತ ಒಳಗೆ ಬಂದರು.

"ಏನಮ್ಮ, ಹಬ್ಬದ ಹುಡುಗಿ, ಕೂಸು ಹುಟ್ತಾ?"

"ಇಲ್ಲ ಸರ್. ಕೊನೇ ಹಂತದಲ್ಲಿ ಕೈ ಕೊಡ್ತು."

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಹಾಗಿದ್ದರೆ ಈ ಜಾಗಕ್ಕೆ ಅರ್ಜಿ ಹಾಕಿದ್ದ ಗ್ದಾನ್ಸ್ಕ್‌ನ ಹುಡುಗನಿಗೇ ಹೇಳಿಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡ ಅಂದರು.

ರಾದೆಕ್ ಬಾಯಿ ತೆರೆದ. ಕಿಂಗಾ ತಟ್ಟನೆ ಕೇಕಿನ ತಟ್ಟೆಯನ್ನು ಅವನ ಕೈಗೆ ತುರುಕಿದಳು.

"ತಿನ್ನೋ ಸುಮ್ನೆ. ಒಣದ್ರಾಕ್ಷಿ ಇಲ್ಲದ ಚೀಸ್ ಕೇಕು, ಸೆರ್ನಿಕ್. ಇದಕ್ಕೇ ಅಂತ ಸ್ಟೇಷನ್ ಹತ್ತಿರದ ಅಂಗಡಿಗೆ ಓಡಿದ್ದು. ಇಲ್ಲಿ ಒಣದ್ರಾಕ್ಷಿ ಕಂಡ್ರೆ ಆಗದವನು ನೀನೊಬ್ಬನೇ."

ಅವನು ತಿಂದ. ಪ್ರೊಫೆಸರ್ ಇನ್ನೊಂದು ತುಂಡು ಕೇಳಿ ಹಾಕಿಸಿಕೊಂಡು, ಚೆನ್ನಾಗಿದೆ ಅಂದು ಹೊರಟುಹೋದರು.

ಸಂಜೆ ಎಲ್ಲರೂ ಹೋದ ಮೇಲೆ ರಾದೆಕ್ ಆ ಪುಟ್ಟ ಫ್ಲಾಸ್ಕನ್ನು ಗೂಟದಿಂದ ತೆಗೆದು ಕಿಟಕಿಯ ಬಿಸಿಲಿಗೆ ಹಿಡಿದ. ತಿರುಗಿಸಿ ತಿರುಗಿಸಿ ನೋಡಿದ. ಒಂದು ಕಲೆಯೂ ಇರಲಿಲ್ಲ. ಅಷ್ಟು ಚೊಕ್ಕಟವಾಗಿ ಅವನು ತನ್ನ ಪಾತ್ರೆಗಳನ್ನೂ ಎಂದೂ ತೊಳೆದಿರಲಿಲ್ಲ.