ಇಲ್ಲದ ರೆಕಾರ್ಡು

ಗುಂಪಿನವರೆಲ್ಲ ಅವನನ್ನು ಹಲ್ಲಣ್ಣ ಎಂದು ಕರೆಯುತ್ತಿದ್ದರು. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚು ನೋಡಿ ಕಟ್ಟುಹಲ್ಲು ತಯಾರಿಸುವುದು ಅವನ ಕಸುಬು. ಮನೆಯ ಕೆಳಗಿನ ಕೋಣೆಯೇ ಕಾರ್ಖಾನೆ. ಬೆಂಚಿನ ಮೇಲೆ ಯಾರ್ಯಾರದೋ ದವಡೆಗಳು ಬಾಯಿ ಬಿಟ್ಟುಕೊಂಡು ಸಾಲಾಗಿ ಕೂತಿರುತ್ತಿದ್ದವು. ಉಜ್ಜುವ ಯಂತ್ರದಿಂದ ಹಾರುವ ಪುಡಿ ಅವನು ಕೂಡಿಟ್ಟ ಸಂಗೀತದ ರೆಕಾರ್ಡುಗಳಿಗೆ ಪರಮಶತ್ರು. ಹಾಗಾಗಿ ರೆಕಾರ್ಡುಗಳಿದ್ದದ್ದು ಮೇಲೆ, ಮಲಗುವ ಕೋಣೆಯಲ್ಲಿ. ಅವು ಎರಡು ಗೋಡೆಗಳನ್ನು ನುಂಗಿದ ಮೇಲೆ ಹೆಂಡತಿಯ ಬಟ್ಟೆಯ ಬೀರು ನಡುಮನೆಗೆ ವರ್ಗವಾಗಿತ್ತು. ಹೆಂಡತಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ‘ನಮ್ಮ ಬೀರು ಇನ್ನೂ ಮನೆಯೊಳಗಿದೆ, ಅದೇ ಪುಣ್ಯ’ ಎಂದು ಬಂದವರೆದುರು ಹೇಳಿ ನಗುತ್ತಿದ್ದಳು.

ಗೋಡೆ ತುಂಬ ಇದ್ದದ್ದೆಲ್ಲ ಜಾಝ್. ಯಾವ ಕಂಪನಿ, ಯಾವ ವರ್ಷ, ಮೊದಲ ಅಚ್ಚೋ ಎರಡನೆಯದೋ, ಡ್ರಮ್ಮಿಗೆ ಕೂತವನು ಕವರಿನ ಮೇಲೆ ಹೆಸರಿದ್ದವನೋ ಅಥವಾ ಅವನಿಗೆ ಜ್ವರ ಬಂತೆಂದು ಕರೆತಂದ ಬದಲಿಯವನೋ, ಇವೆಲ್ಲ ಹಲ್ಲಣ್ಣನ ನಾಲಿಗೆಯ ತುದಿಯಲ್ಲಿದ್ದವು. ಅವನ ಊರಿನಲ್ಲಿ ಇದನ್ನು ಕೇಳುವ ಒಂದು ನರಪಿಳ್ಳೆಯೂ ಇರಲಿಲ್ಲ. ಕೇಳುವವರು ಇದ್ದದ್ದು ಇಂಟರ್‌ನೆಟ್ಟಿನ ಗುಂಪಿನಲ್ಲಿ. ಅಲ್ಲಿ ಅವನು ಹೇಳಿದ್ದೇ ತೀರ್ಪು.

ಅವನ ಮೇಲೆ ಇದ್ದವರು ಒಬ್ಬರೇ, ಕಹಳೆ ಅಜ್ಜ. ಗುಂಪು ಕಟ್ಟಿದವರೇ ಅವರು. ಯೌವನದಲ್ಲಿ ಹಡಗಿನ ವಾದ್ಯವೃಂದದಲ್ಲಿ ಟ್ರಂಪೆಟ್ ಊದಿದವರು. ಹಲ್ಲಣ್ಣ ಅವರ ಮುಖ ಕಂಡಿರಲಿಲ್ಲ, ದನಿ ಕೇಳಿರಲಿಲ್ಲ. ಆದರೂ ಸಂಜೆ ಯಂತ್ರ ನಿಲ್ಲಿಸಿ ಕೈ ತೊಳೆದುಕೊಂಡು ಮೇಲೆ ಬಂದರೆ ಅಜ್ಜನ ಸಂದೇಶ ಕಾದಿರುತ್ತಿತ್ತು: ‘ಏನೋ ಮಗಾ, ಇವತ್ತು ಯಾವುದು ಹಾಕ್ತೀಯ?’ ಸ್ವಂತ ಅಪ್ಪ ಅವನನ್ನು ಹಾಗೆ ಕೇಳಿದ್ದಿಲ್ಲ. ಕಟ್ಟುಹಲ್ಲು ಕಟ್ಟುವವನ ದಿನವೆಲ್ಲ ಆ ಒಂದು ಸಾಲಿಗಾಗಿ ಸವೆಯುತ್ತಿತ್ತು ಎಂದರೂ ಸುಳ್ಳಲ್ಲ.

ಹೀಗಿರುವಾಗ ಗುಂಪಿಗೆ ಗುಬ್ಬಿ ಬಂದಳು.

ಗುಬ್ಬಿ ಎಂಬುದು ಅವಳೇ ಇಟ್ಟುಕೊಂಡ ಹೆಸರು. ನಾಯಿ ಬೆಕ್ಕುಗಳ ಡಾಕ್ಟರಂತೆ. ಬಂದವಳೇ ಒಂದು ಹಳೆಯ ಸ್ಯಾಕ್ಸೋಫೋನ್ ರೆಕಾರ್ಡಿನ ಬಗ್ಗೆ ಬರೆದಳು: ‘ಇವನು ಶುರುವಿನಲ್ಲಿ ನಿದ್ದೆಗಣ್ಣಲ್ಲಿ ಎದ್ದು ಚಪ್ಪಲಿ ಹುಡುಕೋನ ಹಾಗೆ ತಡವರಿಸ್ತಾನೆ. ಪಿಯಾನೋದವನು ಲೈಟ್ ಹಾಕ್ತಾನೆ. ಆಮೇಲೆ ನೋಡಿ, ಮನೆಯಿಂದ ಓಡೇಬಿಡ್ತಾನೆ.’ ಯಾವ ವರ್ಷದ ರೆಕಾರ್ಡು ಎಂದಿಲ್ಲ, ಯಾವ ಕಂಪನಿಯದೆಂದಿಲ್ಲ. ಪಿಯಾನೋದವನ ಹೆಸರನ್ನೂ ಬರೆದಿಲ್ಲ. ಹಲ್ಲಣ್ಣ ಮೂರನ್ನೂ ಕೆಳಗೆ ಸೇರಿಸಿ, ‘ಮಾಹಿತಿಗಾಗಿ’ ಎಂದು ಬರೆದ. ಅದನ್ನು ಯಾರೂ ಮೂಸಿಯೂ ನೋಡಲಿಲ್ಲ. ಗುಬ್ಬಿಗೆ ಮಾತ್ರ ಚಪ್ಪಾಳೆಯ ಸುರಿಮಳೆ. ಎಲ್ಲರಿಗಿಂತ ಮೊದಲು ತಟ್ಟಿದವರು ಅಜ್ಜ.

ಅಂದಿನಿಂದ ಅವನ ಹೊಟ್ಟೆಯಲ್ಲಿ ಕೆಂಡ ಬಿತ್ತು. ಅಜ್ಜನ ಸಂಜೆಯ ಪ್ರಶ್ನೆ ತಡವಾಗತೊಡಗಿತು, ಕೆಲವು ದಿನ ಬರಲೇ ಇಲ್ಲ. ಹೆಸರಿನ ಪಕ್ಕದ ಹಸಿರು ಚುಕ್ಕಿ ಮಾತ್ರ ಉರಿಯುತ್ತಿರುತ್ತಿತ್ತು. ಗುಬ್ಬಿಯ ಹೆಸರಿನ ಪಕ್ಕದ್ದೂ. ಇಬ್ಬರೂ ಇದ್ದಾರೆ, ಇಬ್ಬರೂ ಹರಟುತ್ತಿದ್ದಾರೆ, ತಾನು ಮಾತ್ರ ಬಾಗಿಲಾಚೆ. ರೆಕಾರ್ಡು ಮುಗಿದು ಮುಳ್ಳು ಕೊನೆಯ ಗೆರೆಯಲ್ಲಿ ಕರಕರ ಎನ್ನುತ್ತಿದ್ದರೂ ಅವನಿಗೆ ಎಚ್ಚರವಿರುತ್ತಿರಲಿಲ್ಲ.

“ಏನ್ರೀ, ಸವತಿ ಬಂದ್ಲಾ?” ಎಂದಳು ಹೆಂಡತಿ, ಉತ್ತರ ಪತ್ರಿಕೆ ತಿದ್ದುತ್ತ.

“ಏನದು ಮಾತು!”

“ಮತ್ತೇನ್ರೀ? ದಿನಾ ಫೋನ್ ಹಿಡ್ಕೊಂಡು ನಿಟ್ಟುಸಿರು ಬಿಡ್ತೀರಿ. ಅಜ್ಜನಿಗೆ ನೀವು ಹಿರಿಹೆಂಡ್ತಿ, ಆ ಗುಬ್ಬಿ ಕಿರಿಹೆಂಡ್ತಿ. ಹಿರಿಯವಳು ಸ್ವಲ್ಪ ದೊಡ್ಡ ಮನಸ್ಸು ಮಾಡ್ಬೇಕಪ್ಪ.”

“ಅವಳಿಗೆ ಜಾಝಿನ ಗಂಧಗಾಳಿ ಇಲ್ಲ ಕಣೇ. ಬರೀ ಮಾತು. ಬಾಯಿಗೆ ಬಂದದ್ದು ಬರೀತಾಳೆ.”

“ಕಿವಿಗೆ ಬಿದ್ದದ್ದು ಬರೀತಾಳೋ ಏನೋ” ಎಂದು ಹೆಂಡತಿ ಕೆಂಪು ಪೆನ್ನಿನಿಂದ ಯಾರದೋ ಲೆಕ್ಕಕ್ಕೆ ಕಾಟು ಹೊಡೆದಳು. ಹಲ್ಲಣ್ಣನಿಗೆ ಆ ಕಾಟು ತನಗೇ ಬಿದ್ದಂತಾಯಿತು.

ಗುಬ್ಬಿಯ ಬಣ್ಣ ಬಯಲು ಮಾಡಬೇಕು ಎಂಬ ಹಟ ತಲೆಗೇರಿದ್ದು ಆವಾಗಲೇ. ಮರುದಿನ ಮೇಣದಲ್ಲಿ ಹಲ್ಲು ಕೂರಿಸುತ್ತ ಕೂರಿಸುತ್ತ ಅವನು ಒಂದು ರೆಕಾರ್ಡನ್ನೇ ಹುಟ್ಟಿಸಿದ. ವಾದ್ಯತಂಡದ ಹೆಸರು ‘ಮೂರನೇ ಮಹಡಿಯ ಐವರು’. ಮುಚ್ಚಿಹೋದ ಹೋಟೆಲೊಂದರ ಮೂರನೇ ಮಹಡಿಯಲ್ಲಿ ನುಡಿಸಿದ್ದು, ಅಚ್ಚಾದದ್ದು ಕೆಲವೇ ಪ್ರತಿ, ಕವರು ನೀಲಿ, ಟ್ರಂಪೆಟ್ಟಿನವನು ಗೋಡೆಗೆ ಮುಖ ಮಾಡಿ ಊದಿದ್ದಾನೆ. ಕಟ್ಟುಹಲ್ಲಿನ ಹಾಗೆಯೇ, ಎಲ್ಲೂ ಸಂದು ಕಾಣದಂತೆ ಕಟ್ಟಿದ. ಸಂಜೆ ಗುಂಪಿನಲ್ಲಿ ಹಾಕಿದ: ‘ಇದನ್ನು ಕೇಳಿದವರು ಯಾರಾದರೂ ಇದ್ದೀರಾ? ಗುಬ್ಬಿಯವರಂತೂ ಕೇಳಿಯೇ ಇರುತ್ತಾರೆ.’

ಹೆಮ್ಮೆಗಾಗಿ ಅವಳು ಹೂಂ ಎನ್ನುತ್ತಾಳೆ, ಎರಡು ದಿನ ಬಿಟ್ಟು ಎಲ್ಲರೆದುರು ಮುಖವಾಡ ಕಳಚುತ್ತೇನೆ. ಇದು ಅವನ ಲೆಕ್ಕ.

ಗುಬ್ಬಿ ತಕ್ಷಣ ಬರೆದಳು: ‘ಇಲ್ಲಪ್ಪ, ಹೆಸರೇ ಕೇಳಿಲ್ಲ. ಗೋಡೆಗೆ ಮುಖ ಮಾಡಿ ಯಾಕೆ ಊದಿದ, ಪಾಪ?’

ಅವನಿನ್ನೂ ಪೆಚ್ಚಾಗಿ ನೋಡುತ್ತಿರುವಾಗಲೇ ಅದರ ಕೆಳಗೆ ಮತ್ತೊಂದು ಸಾಲು ಮೂಡಿತು. ಕಹಳೆ ಅಜ್ಜ ಬರೆದಿದ್ದರು: ‘ಕೇಳಿದ್ದೇನೆ. ಬಹಳ ಹಿಂದೆ. ನನ್ನ ಹತ್ತಿರವೂ ಒಂದು ಪ್ರತಿ ಇರಬೇಕು. ಅದ್ಭುತ.’

ಗುಂಪಿನಲ್ಲಿ ಗದ್ದಲವೋ ಗದ್ದಲ. ‘ಅಜ್ಜ, ಕವರಿನ ಫೋಟೋ ಹಾಕಿ’, ‘ಅಜ್ಜ, ಒಂದು ಚೂರಾದರೂ ಕೇಳಿಸಿ’ ಎಂದು ಒಬ್ಬರ ಮೇಲೊಬ್ಬರು ಬಿದ್ದರು. ‘ಹುಡುಕುತ್ತೇನೆ’ ಎಂದು ಬರೆದು ಅಜ್ಜ ಮಾಯವಾದರು.

ಇಷ್ಟು ವರ್ಷ ತಲೆಯ ಮೇಲೆ ಹೊತ್ತ ಅಜ್ಜ ಬರೀ ಬೂಸಿ ಬಿಡುವವರೇ? ಹಾಗಾದರೆ ಹಡಗೂ ಸುಳ್ಳೇ, ಕಹಳೆಯೂ ಸುಳ್ಳೇ? ಅವನಿಗೆ ಸಿಟ್ಟು ಬಂತು. ಆ ಸಿಟ್ಟಿನ ಅಡಿಯಲ್ಲಿ ಒಂದು ಕೆಟ್ಟ ಖುಷಿಯೂ ಮಿಸುಕಾಡಿತು: ಗುಬ್ಬಿ ನೆಚ್ಚಿಕೊಂಡಿರುವುದು ಎಂಥವರನ್ನು ಎಂದು ಅವಳಿಗೂ ಗೊತ್ತಾಗಲಿ.

ಎರಡು ದಿನ ಬಿಟ್ಟು ಫೋನು ಬಂದಾಗ ಅವನು ಒಂದು ಕೆಳದವಡೆಗೆ ಹೊಳಪು ಕೊಡುತ್ತಿದ್ದ. ಹೆಂಗಸಿನ ದನಿ. ಹಿಂದೆ ಯಾವುದೋ ನಾಯಿ ಕುಂಯ್‌ಗುಡುತ್ತಿತ್ತು.

“ಹಲ್ಲಣ್ಣ ಅಲ್ವಾ? ನಾನು ಗುಬ್ಬಿ. ಒಂದು ಮಾತು ನಿಜ ಹೇಳ್ತೀರಾ? ಆ ರೆಕಾರ್ಡು ಇಲ್ಲ ಅಲ್ವಾ?”

ಅವನು ಯಂತ್ರ ನಿಲ್ಲಿಸಿದ. “ಯಾಕೆ ಕೇಳ್ತಿದೀರಿ?”

“ಅಜ್ಜ ನಮ್ಮೂರವರು. ಅವರ ನಾಯಿಗೆ ನಾನೇ ಡಾಕ್ಟ್ರು. ಮೊನ್ನೆಯಿಂದ ಕಪಾಟೆಲ್ಲ ನೆಲಕ್ಕೆ ಸುರ್ಕೊಂಡು ಅದನ್ನ ಹುಡುಕ್ತಾ ಕೂತಿದ್ದಾರೆ. ಊಟ ಇಲ್ಲ, ನಿದ್ದೆ ಇಲ್ಲ. ಸೊಂಟ ಹಿಡ್ಕೊಂಡಿದೆ. ‘ಅಜ್ಜ, ಅಂಥ ರೆಕಾರ್ಡು ಎಲ್ಲೂ ಕಾಣಿಸ್ತಿಲ್ಲ, ಬಿಡಿ’ ಅಂತ ಬರೆದು ತೋರಿಸಿದೆ. ಏನಂದ್ರು ಗೊತ್ತಾ? ‘ಹಲ್ಲಣ್ಣ ತಪ್ಪು ಹೇಳೋನಲ್ಲ. ಅವನು ಇದೆ ಅಂದ್ರೆ ಇದೆ. ನಾನೇ ಕೇಳಿ ಮರ್ತಿದೀನಿ’ ಅಂದ್ರು.”

ಹಲ್ಲಣ್ಣ ಕೈಯಲ್ಲಿದ್ದ ದವಡೆಯನ್ನು ಬೆಂಚಿನ ಮೇಲಿಟ್ಟ. ಏನಾದರೂ ಹೇಳಬೇಕೆಂದು, “ಬರೆದು ಯಾಕೆ ತೋರಿಸಿದ್ರಿ?” ಎಂದ.

ಆ ಕಡೆ ಗುಬ್ಬಿ ನಾಯಿಯನ್ನು ಗದರಿಸಿದ್ದು ಕೇಳಿಸಿತು.

“ಅವರಿಗೆ ಕಿವಿ ಕೇಳಿಸಲ್ಲ, ಹಲ್ಲಣ್ಣ. ಪೂರ್ತಿ ಹೋಗಿದೆ. ಕಿವಿಗೆ ಹಾಕೋ ಮಷಿನ್ನೂ ನಾಟಲಿಲ್ಲ. ಗುಂಪಿನಲ್ಲಿ ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು. ಅವರ ರೆಕಾರ್ಡನ್ನ ನಾನು ಮನೆಗೆ ತಂದು ಕೇಳ್ತೀನಿ. ಏನೇನು ಕೇಳಿಸ್ತೋ ಅದನ್ನ ಬರೆದು ಕಳಿಸ್ತೀನಿ. ಅದನ್ನ ಓದಿ ಅವರು ಮನಸ್ಸಲ್ಲೇ ಕೇಳ್ಕೋತಾರೆ. ಅಷ್ಟೇ ನಮ್ಮ ಹರಟೆ. ನನಗೆ ಈ ಜಾಝ್ ಹಿಡಿಸಿದ್ದೇ ಹಾಗೆ.”

ಹಲ್ಲಣ್ಣ ಫೋನಿಟ್ಟು ದವಡೆಗಳ ಮುಂದೆ ಕೂತ. ನಾಚಿಕೆಯಿಂದ ಮೈ ಹಿಡಿಯಾಗಿತ್ತು. ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕೆಂದರೆ, ಹೊಟ್ಟೆಕಿಚ್ಚು ಇಳಿದಿರಲಿಲ್ಲ, ಇನ್ನೊಂದು ಮೊಳ ಮೇಲೆದ್ದಿತ್ತು. ಅಷ್ಟು ದೊಡ್ಡ ನೋವನ್ನು ಅಜ್ಜ ನಿನ್ನೆ ಮೊನ್ನೆ ಬಂದವಳ ಮಡಿಲಿಗೆ ಹಾಕಿದ್ದರು. ನನಗೇಕೆ ಹೇಳಲಿಲ್ಲ? ಹೇಳಿದ್ದರೆ ನಾನು ಏನು ಬರೆಯುತ್ತಿದ್ದೆ? ಕಂಪನಿಯ ಹೆಸರು, ವರ್ಷ, ಮೊದಲ ಅಚ್ಚು. ‘ಇವತ್ತು ಯಾವುದು ಹಾಕ್ತೀಯ?’ ಎಂದು ಅಷ್ಟು ಸಂಜೆ ಕೇಳಿದವರಿಗೆ ತಾನು ಕೊಟ್ಟ ಉತ್ತರವೆಲ್ಲ ಅದೇ ಆಗಿತ್ತು.

ಅಂದೇ ಅಜ್ಜನಿಗೆ ಒಂದೂ ಮುಚ್ಚಿಡದೆ ಬರೆದ. ರೆಕಾರ್ಡು ಇಲ್ಲ, ಗುಬ್ಬಿಯನ್ನು ಕೆಡವಲು ನಾನೇ ಕಟ್ಟಿದ್ದು, ಹೊಟ್ಟೆಕಿಚ್ಚಿಗೆ ಮಾಡಿದೆ, ದಯವಿಟ್ಟು ಹುಡುಕುವುದು ನಿಲ್ಲಿಸಿ, ಸೊಂಟ ನೋಡಿಕೊಳ್ಳಿ. ಗುಂಪಿನಲ್ಲಿ ಮಾತ್ರ ಬೇರೆಯೇ ಬರೆದ: ‘ನನ್ನಿಂದ ತಪ್ಪಾಗಿದೆ. ತಂಡದ ಹೆಸರು, ವಿವರ ಎಲ್ಲ ಕಲಸಿ ಹೇಳಿದ್ದೇನೆ. ಅಜ್ಜ ಕೇಳಿದ್ದು ಬೇರೆ ಯಾವುದೋ ಒಳ್ಳೆಯ ರೆಕಾರ್ಡೇ ಇರಬೇಕು.’ ಹಲ್ಲಣ್ಣನೂ ತಪ್ಪುತ್ತಾನೆ ಎಂದು ಗುಂಪಿಗೆ ಹಬ್ಬವೇ ಆಯಿತು. ‘ಹಲ್ಲಣ್ಣನ ಹಲ್ಲೂ ಅಲ್ಲಾಡ್ತಿದೆ’ ಎಂದು ಒಬ್ಬ ಬರೆದ. ಅವನು ಹಲ್ಲು ಕಚ್ಚಿಕೊಂಡು ಸಹಿಸಿದ.

ಅಜ್ಜನಿಂದ ಉತ್ತರ ಬರಲಿಲ್ಲ. ಹಲ್ಲಣ್ಣ ಒಬ್ಬರ ಮೇಲ್ದವಡೆಗೆ ಇನ್ನೊಬ್ಬರ ಹಲ್ಲು ಕೂರಿಸಿ ಡಾಕ್ಟರಿಂದ ಬೈಸಿಕೊಂಡ. ವಾರ ಕಳೆಯುತ್ತಿದ್ದಾಗ, ಒಂದು ಮಧ್ಯಾಹ್ನ, ಅಜ್ಜ ಗುಂಪಿನಲ್ಲೇ ಕಾಣಿಸಿಕೊಂಡರು.

‘ಹಲ್ಲಣ್ಣ ನನ್ನ ಮಾನ ಉಳಿಸಲು ಸುಳ್ಳು ಹೇಳುತ್ತಿದ್ದಾನೆ. ಆ ರೆಕಾರ್ಡು ನಾನು ಕೇಳಿಲ್ಲ. ಈಗ ಯಾವುದನ್ನೂ ಕೇಳಲಾರೆ, ನನ್ನ ಕಿವಿ ಹೋಗಿದೆ. ನಿಮ್ಮೆದುರು ಹೇಳಿಕೊಳ್ಳಲು ಅಹಂಕಾರ ಬಿಡಲಿಲ್ಲ. ಗುಬ್ಬಿಯ ಕಿವಿಯಿಂದ ಕೇಳುತ್ತಿದ್ದೇನೆ. ಮಿಕ್ಕವರಿಗೂ ಪುರುಸೊತ್ತಿದ್ದರೆ ಬರೆಯಿರಿ.’

ಬರೆಯಿರಿ ಎಂದದ್ದೇ ತಡ, ಎಲ್ಲರೂ ಬರೆಯತೊಡಗಿದರು. ಗುಂಪಿನಲ್ಲಿದ್ದ ಹಡಗಿನ ಅಡುಗೆಯವನೊಬ್ಬ ಬರೆದ, ನಿವೃತ್ತ ನ್ಯಾಯಾಧೀಶರು ಬರೆದರು, ಎಂದೂ ತುಟಿ ಬಿಚ್ಚದ ಟೈಲರಮ್ಮ ಒಂದು ಪಿಯಾನೋ ರೆಕಾರ್ಡಿನ ಬಗ್ಗೆ ಎರಡು ಪುಟ ಬರೆದಳು. ಅಜ್ಜ ಒಬ್ಬೊಬ್ಬರಿಗೂ ಮೆಚ್ಚುಗೆಯ ಮಾತು ಹೇಳಿದರು. ನಿನ್ನೆಯವರೆಗೆ ಒಬ್ಬಳ ಮೇಲೆ ಉರಿಯುತ್ತಿದ್ದವನು ಈಗ ಊರಿಗೆ ಊರೇ ಎದುರಾದಂತೆ ಕಂಗಾಲಾದ. ತಾನೂ ಬರೆಯಲು ಕೂತ ಹಲ್ಲಣ್ಣನ ಕಾಗದದ ಮೇಲೆ ಮಾತ್ರ ಬರೀ ಹೆಸರು, ಇಸವಿ.

ಹೆಂಡತಿ ಹೆಗಲ ಮೇಲಿಂದ ಇಣುಕಿದಳು. “ಇದೇನ್ರೀ, ರಸೀದಿ ಬರೀತಿದೀರಾ? ಹೆಂಗಿದೆ ಅಂತ ಬರೀರಿ.”

“ಹೆಂಗಿದೆ ಅಂದ್ರೆ? ಚೆನ್ನಾಗಿದೆ.”

“ಸರಿ, ಹಾಕಿ. ಕೇಳೋಣ.”

ಅವನು ತಿರುಗಿ ನೋಡಿದ. ಮದುವೆಯಾದಾಗಿನಿಂದ ಈ ಗೋಡೆಗಳ ಧೂಳು ಒರೆಸಿದವಳು, ಎಂದೂ ಮಂಚದ ಮೇಲೆ ಕೂತು ಒಂದು ರೆಕಾರ್ಡು ಪೂರ್ತಿ ಕೇಳಿದವಳಲ್ಲ. ಕೂತುಕೋ ಎಂದು ಅವನೂ ಹೇಳಿದವನಲ್ಲ. ಮುಳ್ಳು ಇಳಿಸಿದ. ನಿಧಾನವಾದ ಟ್ರಂಪೆಟ್ಟು, ಹಿಂದೆ ಬ್ರಷ್ಷಿನಿಂದ ಸವರಿದ ಡ್ರಮ್ಮು. ಅವಳು ಕಾಲು ಮಡಚಿಕೊಂಡು, ಗಲ್ಲಕ್ಕೆ ಕೈಕೊಟ್ಟು ಕೇಳಿದಳು.

“ಈತ ಜಗಳ ಆಡಿ ಮನೆಯಿಂದ ಎದ್ದು ಬಂದಿದಾನೆ ಕಣ್ರೀ” ಎಂದಳು. “ಬಂದು ಅಲ್ಲೇ ಬೀದಿಯಲ್ಲಿ ನಿಂತಿದಾನೆ. ಯಾರಾದ್ರೂ ಕರೀಲಿ ಅಂತ. ಕರೀದೇ ಇದ್ರೆ ಎಲ್ಲಿಗೆ ಹೋಗೋದು ಅಂತಾನೂ ಗೊತ್ತಿಲ್ಲ ಅವನಿಗೆ. ಆ ಡ್ರಮ್ಮಿನವನು ಒಳಗೆ ಕಸ ಗುಡಿಸ್ತಿದಾನೆ, ನೋಡಿಯೂ ನೋಡದವನ ಹಾಗೆ.”

ಈ ರೆಕಾರ್ಡಿನ ಬಗ್ಗೆ ತನಗೆ ಗೊತ್ತಿಲ್ಲದ್ದೇನೂ ಇಲ್ಲ ಎಂದುಕೊಂಡಿದ್ದ ಹಲ್ಲಣ್ಣ. ಅವಳ ಮಾತನ್ನು ಹಾಗೆಯೇ ಬರೆದ. ಮುಂದೆ ತನ್ನದೂ ನಾಲ್ಕು ಸಾಲು ಸೇರಿಸಿದ. ಟ್ರಂಪೆಟ್ಟಿನವನು ಕೊನೆಯ ಸ್ವರವನ್ನು ಸಣ್ಣ ಉಳಿಯಿಂದ ಮೇಣ ಕೆರೆಯುವಂತೆ ತೆಳ್ಳಗೆ ಮಾಡುತ್ತ ಹೋಗುತ್ತಾನೆ, ಇನ್ನೊಂದು ಎಳೆ ಕೆರೆದರೆ ಮುರಿದೀತು ಎನ್ನುವಲ್ಲಿ ಕೈ ಎತ್ತುತ್ತಾನೆ ಎಂದು. ಹೆದರುತ್ತ ಹೆದರುತ್ತ ಅಜ್ಜನಿಗೆ ಕಳಿಸಿದ.

ಉತ್ತರ ಮರುದಿನ ಬಂತು. ಆ ಪ್ರಕರಣದ ನಂತರ ಅಜ್ಜ ಅವನಿಗೇ ಎಂದು ಬರೆದ ಮೊದಲ ಮಾತು.

‘ಮಗಾ, ಬೇಜಾರಿಲ್ಲ. ಇಷ್ಟು ವಯಸ್ಸಾದ ಮೇಲೆ ನನಗಾಗಿ ಒಬ್ಬ ಹೊಟ್ಟೆಕಿಚ್ಚು ಪಟ್ಟ ಎಂದರೆ ಸಣ್ಣ ಮಾತೇ? ಮೇಣದ ಮಾತು ನಿನ್ನದು, ಗೊತ್ತಾಯಿತು. ಇನ್ನೂ ಸ್ವಲ್ಪ ಪಳಗಬೇಕು. ಆ ಬೀದಿಯಲ್ಲಿ ನಿಂತವನು ಮಾತ್ರ ನಿನ್ನವನಲ್ಲ. ಅದನ್ನು ಓದುವಾಗ ನನಗೆ ಡ್ರಮ್ಮು ಕೇಳಿಸಿತು. ಯಾರು ಹೇಳಿದ್ದು? ಇನ್ನೊಂದು ಕೇಳಿ ಹೇಳಲು ಹೇಳು.’

ಹಲ್ಲಣ್ಣ ಅದನ್ನು ಎರಡು ಸಲ ಓದಿದ. ಸಂತೋಷದಿಂದ ಕಣ್ಣು ತುಂಬಿತು. ಜೊತೆಗೆ ಆ ಹಳೆಯ ಕೆಂಡ ಹೊಟ್ಟೆಯಲ್ಲಿ ಮತ್ತೆ ಚುರ್ ಎಂದಿತು. ಈಗ ಸ್ವಂತ ಹೆಂಡತಿಯ ಮೇಲೆ! ಹೇಳುವುದೋ ಬೇಡವೋ ಎಂದು ಮೆಟ್ಟಿಲ ಮೇಲೆ ನಿಂತ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮೇಲೆ ಅವಳು ಒಗೆದ ಬಟ್ಟೆ ಮಡಚುತ್ತ ಏನನ್ನೋ ಗುನುಗುತ್ತಿದ್ದಳು.

“ಕೇಳಿಲ್ಲಿ” ಎಂದ ಹಲ್ಲಣ್ಣ, ಆದಷ್ಟು ಸಪ್ಪೆ ದನಿಯಲ್ಲಿ. “ಅಜ್ಜ ನಿನ್ನನ್ನ ಕೇಳಿದಾರೆ.”

“ನನ್ನನ್ನಾ? ಏನಂತೆ?”

“ನಿನ್ನೆ ಹೇಳಿದ್ಯಲ್ಲ, ಬೀದಿಯಲ್ಲಿ ನಿಂತವನು. ಇಷ್ಟ ಆಯ್ತಂತೆ. ಇನ್ನೊಂದು ಬೇಕಂತೆ.” ಸ್ವಲ್ಪ ತಡೆದು ಸೇರಿಸಿದ: “ನಂದೂ ಪರವಾಗಿಲ್ಲ ಅಂದ್ರು.”

ಅವಳು ಮಡಚಿದ ಬಟ್ಟೆ ಪಕ್ಕಕ್ಕಿಟ್ಟು ಅವನ ಮುಖವನ್ನೇ ನೋಡಿದಳು. ನಗು ತುಟಿಯವರೆಗೆ ಬಂದರೂ ನಗಲಿಲ್ಲ. ಮಂಚದ ಮೇಲೆ ಅವನಿಗೂ ಜಾಗ ಬಿಟ್ಟು ಸರಿದು ಕೂತಳು.

“ಯಾವುದು ಹಾಕ್ತೀರಿ?” ಎಂದಳು.

ಅವನು ಗೋಡೆಯ ಮುಂದೆ ನಿಂತು ಬಹಳ ಹೊತ್ತು ಹುಡುಕಿದ.