ಧೂಳಲ್ಲ, ಅದು ರಕ್ತ

"ಧೂಳಲೇ ಅದು, ಇಳೀತೈತಿ ಬಿಡು," ಎಂದಿದ್ದಳು ಹೊನ್ನೂರಮ್ಮ.

ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುವ ಮಗ ರಾಯಣ್ಣನಿಗೆ ಮಲ ಡಾಂಬರಿನ ಹಾಗೆ ಕಪ್ಪಗೆ, ಜಿಗುಟಾಗಿ ಹೋಗುತ್ತಿತ್ತು. ನುಂಗಿದ ಧೂಳನ್ನು ಬಾಳೆಹಣ್ಣು ಎಳೆದು ಹಾಕುತ್ತದೆ ಎಂಬುದು ಆ ಮನೆಯ ನಂಬಿಕೆ. ಸೊಂಟನೋವಿಗೆಂದು ಅವನು ಖಾಲಿ ಹೊಟ್ಟೆಗೆ ದಿನಾ ಗುಳಿಗೆ ನುಂಗುತ್ತಿದ್ದುದನ್ನು ಒಬ್ಬರಾದರೂ ಕೇಳಬೇಕಲ್ಲ! ಕೇಳಲಿಲ್ಲ.

ಆ ಬೆಳಿಗ್ಗೆ ರಾಯಣ್ಣ ರಕ್ತ ಕಾರಿದ. ಹೊಸಪೇಟೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಖ ಸುಣ್ಣವಾಗಿತ್ತು.

ಅವರ ಓಣಿಯ ಸುನಿತಾ ಅಲ್ಲೇ ನರ್ಸು. "ಒಂದ್ ಹನಿ ನೀರೂ ಕೊಡಬ್ಯಾಡ್ರಿ," ಎಂದು ಡಾಕ್ಟರನ್ನು ಕರೆಯಲು ಓಡಿದಳು. ಆಕೆ ಅತ್ತ ಹೋದದ್ದೇ ತಡ, ಹೊನ್ನೂರಮ್ಮ ಅರ್ಧ ಬಾಳೆಹಣ್ಣು ಕಿವುಚಿ ಮಗನ ಬಾಯಿಗಿಟ್ಟಳು. ಸಿಪ್ಪೆ ಸೆರಗಿನೊಳಗೆ ಹೋಯಿತು.

ಸುನಿತಾ ಡಾಕ್ಟರನ್ನು ಕರೆತಂದಳು. ಅವರು ರಾಯಣ್ಣನನ್ನು ಪರೀಕ್ಷಿಸಿ ಒಳಗೆ ಹೋದ ಮೇಲೆ ಆಕೆ ಹೇಳಿದಳು: "ನೋವಿನ ಗುಳಿಗಿ ನುಂಗಿ ನುಂಗಿ ಹೊಟ್ಟ್ಯಾಗ ಹುಣ್ಣಾಗಿ ರಕ್ತ ಸೋರಾಕತ್ತೈತಿ ಅಂತಾರ ಡಾಕ್ಟ್ರು. ಬಾಯಿಂದ ಕೊಳವಿ ಇಳಿಸಿ, ಬೇಕಾದ್ರ ಒಳಗೇ ಹೊಲಿಗಿ ಹಾಕ್ತಾರ."

"ಬಾಯಾಗ ಸೂಜಿನಾ? ನನ್ನ ಮಗ ಏನ್ ಗೋಣಿಚೀಲೇನು ಹೊಲಿಯಾಕ?"

"ಹೊಟ್ಟಿ ಕೊಯ್ಯಂಗಿಲ್ಲಬೇ. ಬಗ್ಗೋ ಕೊಳವಿ, ತುದಿಗೆ ಕ್ಯಾಮೆರಾ, ಸಣ್ಣ ಸೂಜಿ. ಟಿವಿಯಾಗ ನೋಡ್ಕೊಂಡು ಹೊಲೀತಾರ. ಮಂಪರು ಕೊಟ್ಟಿರ್ತಾರ. ಖರೇ ಹೇಳ್ರಿ, ಏನರ ತಿನ್ಸೀರೇನು?"

"ಇಲ್ಲ."

ಮಂಚದ ಗಾಲಿ ಉರುಳಿತು.

"ತಿಂದಿದ್ರ ಮಂಪರಿನಾಗ ಮ್ಯಾಲ ಬಂದು ಉಸಿರಿನ ದಾರಿಗೆ ಹೊಕ್ಕತೈತಿ. ಜೀವಕ್ಕ ಕುತ್ತು," ಎನ್ನುತ್ತ ಸುನಿತಾ ಬಾಗಿಲು ನೂಕಿದಳು.

ಹೊನ್ನೂರಮ್ಮನ ಕೈಗೆ ಸಿಪ್ಪೆ ತಣ್ಣಗೆ ತಾಕಿತು. ಮಂಚದ ಸರಳು ಹಿಡಿದು ಚೀರಿದಳು: "ನಿಲ್ಲಸ್ರೀ! ಬಾಳಿಹಣ್ಣು ತಿನ್ಸೀನಿ! ಈಗಷ್ಟೇ!"

ಯಾರೂ ಬೈಯಲಿಲ್ಲ. ಬೈಯಲು ಹೊತ್ತೆಲ್ಲಿ? ಡಾಕ್ಟರು ಮೊದಲು ಉಸಿರಿನ ದಾರಿಗೆ ನಳಿಗೆ ಹಾಕಿ ಅದನ್ನು ಭದ್ರ ಮಾಡಿದರು, ಹೊಟ್ಟೆಯಲ್ಲಿದ್ದುದನ್ನು ಹೀರಿ ತೆಗೆದರು. ಆಮೇಲೆ ಹೊಲಿಗೆ. ಬಾಗಿಲಾಚೆ ಹೊನ್ನೂರಮ್ಮ ಗೋಡೆಗೆ ಹಣೆ ಹಚ್ಚಿ ನಿಂತಳು.

ಕೊನೆಗೆ ಸುನಿತಾ ಹೊರಬಂದಳು. "ರಕ್ತ ನಿಂತೈತಿ."

ಹೊನ್ನೂರಮ್ಮ ಒಳಗೆ ಹೋಗಿ ಮಗನ ಅಂಗಿ ಎತ್ತಿ ನೋಡಿದಳು. ಹೊಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ.

ಮಗ ಮನೆಗೆ ಬಂದ ಮೇಲೆ ಪಕ್ಕದ ಮನೆಯ ಲಾರಿ ಡ್ರೈವರ್ ಗಿರೀಶ್ ನಗುತ್ತಾ, "ನಂದೂ ಕರ್ರಗೈತಿ ದೊಡ್ಡಮ್ಮ, ಧೂಳು," ಎಂದ.

"ಧೂಳಂತ, ಧೂಳು! ಏಳಲೇ, ಆಸ್ಪತ್ರಿಗೆ ನಡಿ!"

ನೀವೂ ಏಳಿ. ಮಲ ಡಾಂಬರಿನಂತಾದರೆ, ರಕ್ತ ಕಾರಿದರೆ ತಕ್ಷಣ ಆಸ್ಪತ್ರೆಗೆ ಓಡಿ. ಡಾಕ್ಟರು ಹೇಳದೆ ನೋವಿನ ಗುಳಿಗೆ ದಿನಾ ನುಂಗಬೇಡಿ. ಕೊಳವೆಗೆ ಹೆದರಬೇಡಿ, ಹೊಲಿಗೆ ಎಲ್ಲರಿಗೂ ಬೇಕಾಗುವುದಿಲ್ಲ, ಬೇಕೋ ಬೇಡವೋ ಡಾಕ್ಟರು ನೋಡಿ ಹೇಳುತ್ತಾರೆ. ಆದರೆ ತಿಂದದ್ದನ್ನು ಮುಚ್ಚಿಡಬೇಡಿ. ಧೂಳು ಕುಡಿದು ದುಡಿಯುವವರ ಜೀವ ಅಗ್ಗವಲ್ಲ. ಅದನ್ನು ಮೊದಲು ನಾವು ನಂಬಬೇಕು.